ವೆನಿಸ್‌ಗೆ ಹೋಗುವವರು ಊರೊಳಗೇ ಉಳಿದುಕೊಳ್ಳಬೇಕು

ಬೇಸಿಗೆ ರಜೆಯಲ್ಲಿ ಯುರೋಪಿಗೆ ಹೊರಡುವ ಬಂಧುಗಳು ಮತ್ತು ಸ್ನೇಹಿತರು ತಮ್ಮ ಪ್ರವಾಸದ ಪಟ್ಟಿಯನ್ನು ನನಗೆ ಕಳುಹಿಸಿ ಅಭಿಪ್ರಾಯ ಕೇಳುವುದುಂಟು. ಆ ಪಟ್ಟಿಗಳಲ್ಲಿ ವೆನಿಸ್‌ಗೆ ಮೀಸಲಾಗಿರುವುದು ಹೆಚ್ಚೆಂದರೆ ಒಂದು ಹಗಲು. ಬೆಳಿಗ್ಗೆ ಬಸ್ಸು ತ್ರೊಂಕೆತ್ತೊ ನಿಲುಗಡೆಯಲ್ಲಿ ಇಳಿಸುತ್ತದೆ, ಅಲ್ಲಿಂದ ದೋಣಿ ಸಾನ್ ಮಾರ್ಕೊ ಚೌಕದ ಬಳಿಗೆ ಕರೆದೊಯ್ಯುತ್ತದೆ, ಅರ್ಧ ಗಂಟೆ ಗೊಂಡೊಲಾ, ಅರ್ಧ ಗಂಟೆ ಗಾಜಿನ ಸಾಮಾನಿನ ಅಂಗಡಿ, ಸಂಜೆಯೊಳಗೆ ಮತ್ತೆ ಬಸ್ಸು. ರಾತ್ರಿಯ ವಾಸ ಸೇತುವೆಯಾಚೆ, ಮುಖ್ಯಭೂಮಿಯ ಮೆಸ್ತ್ರೆಯಲ್ಲಿ. ಇದರಿಂದ ಹಣ ಉಳಿಯುತ್ತದೆ ಎಂಬುದು ನಿಜ. ಮೆಸ್ತ್ರೆಯಿಂದ ವೆನಿಸ್ ದ್ವೀಪದ ಸಾಂತಾ ಲುಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತೇ ನಿಮಿಷ ಎಂಬುದೂ ನಿಜ. ಆದರೂ ಒಂದು ಊಟ, ಒಂದು ಗೊಂಡೊಲಾ ಸವಾರಿ ಬಿಟ್ಟಾದರೂ ಸರಿ, ಊರ ನಡುವಿನ ಚಿಕ್ಕ ಹೋಟೆಲೊಂದರಲ್ಲಿ ಕನಿಷ್ಠ ಎರಡು ರಾತ್ರಿ ಕಳೆಯಿರಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಹಗಲಿನ ವೆನಿಸ್‌ನಲ್ಲಿ ನಮಗೆ ಕಾಣುವುದು ಬಹುಮಟ್ಟಿಗೆ ನಮ್ಮಂಥ ಪ್ರವಾಸಿಗರೇ. ರಿಯಾಲ್ಟೊ ಸೇತುವೆಯಿಂದ ಸಾನ್ ಮಾರ್ಕೊಗೆ ಹೋಗುವ ಓಣಿಯಲ್ಲಿ ಮಧ್ಯಾಹ್ನದ ಹೊತ್ತು ನಿಂತರೆ ಗೋಡೆಗಳೂ ಸರಿಯಾಗಿ ಕಾಣುವುದಿಲ್ಲ. ಊರು ತನ್ನ ಕೆಲಸ ಮಾಡಿಕೊಳ್ಳುವುದು ಬೆಳಗಿನ ಜಾವದಲ್ಲಿ. ಮೋಟಾರು ವಾಹನವೇ ಇಲ್ಲದ ಈ ಊರಿಗೆ ತರಕಾರಿ, ಹಾಲು, ಸಿಮೆಂಟು, ಹೋಟೆಲುಗಳ ಒಗೆದ ಹಾಸಿಗೆ ಬಟ್ಟೆ, ಎಲ್ಲವೂ ದೋಣಿಯಲ್ಲೇ ಬರಬೇಕು. ಕಸವೂ ದೋಣಿಯಲ್ಲೇ ಹೋಗಬೇಕು. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳದವರದ್ದೂ ದೋಣಿಗಳೇ. ಸೂರ್ಯೋದಯದ ಹೊತ್ತಿಗೆ ಕಿಟಕಿ ತೆರೆದು ಕಿರುಗಾಲುವೆಯತ್ತ ನೋಡಿದರೆ, ಕಟ್ಟೆಗೆ ದೋಣಿ ತಾಗಿಸಿ ಕೈಗಾಡಿಗೆ ಪೆಟ್ಟಿಗೆಗಳನ್ನು ಇಳಿಸುತ್ತಿರುವವರು, ಇಕ್ಕಟ್ಟಿನ ತಿರುವಿನಲ್ಲಿ ಎದುರು ಬರುವ ದೋಣಿಗೆ ಕೂಗಿ ಎಚ್ಚರಿಸುವವರು ಕಾಣುತ್ತಾರೆ. ರಿಯಾಲ್ಟೊದ ಮೀನು ಮಾರುಕಟ್ಟೆ ನಡೆಯುವುದೂ ಬೆಳಿಗ್ಗೆಯೇ. ಸಂಜೆ ಹಗಲಿನ ಪ್ರವಾಸಿಗರು ಮರಳಿದ ಮೇಲೆ ಸಾನ್ ಜಾಕೊಮೊ ದಲ್ಲೊರಿಯೊದಂಥ ಚೌಕಗಳಲ್ಲಿ ಮಕ್ಕಳು ಚೆಂಡಾಡುತ್ತಾರೆ, ಹಿರಿಯರು ಬೆಂಚುಗಳ ಮೇಲೆ ಕುಳಿತು ಹರಟುತ್ತಾರೆ. ಇದನ್ನೆಲ್ಲ ನೋಡಬೇಕಾದರೆ ಆ ಹೊತ್ತಿನಲ್ಲಿ ನಾವು ಅಲ್ಲಿರಬೇಕು, ಬೇರೆ ಉಪಾಯವಿಲ್ಲ.

ಹೊರಗಿನವರನ್ನು ಊರ ನಡುವೆಯೇ ಇರಿಸಿಕೊಳ್ಳುವುದು ವೆನಿಸ್‌ಗೆ ಹೊಸದಲ್ಲ. ರಿಯಾಲ್ಟೊ ಸೇತುವೆಯ ಪಕ್ಕದಲ್ಲೇ ನಿಂತಿರುವ ಫೊಂದಾಕೊ ದೇಯಿ ತೆದೆಸ್ಕಿ ಎಂಬ ದೊಡ್ಡ ಕಟ್ಟಡ ಜರ್ಮನ್ ವ್ಯಾಪಾರಿಗಳ ವಸತಿಯೂ ಉಗ್ರಾಣವೂ ಆಗಿತ್ತು. ಅವರು ಅಲ್ಲಿಯೇ ತಂಗಬೇಕು, ಅಲ್ಲಿಯೇ ಸರಕು ಇಡಬೇಕು, ಆಗ ಸ್ವತಂತ್ರ ಗಣರಾಜ್ಯವಾಗಿದ್ದ ವೆನಿಸ್‌ನ ಅಧಿಕಾರಿಗಳ ಕಣ್ಣೆದುರಿಗೇ ವ್ಯವಹಾರ ನಡೆಸಬೇಕು ಎಂಬ ನಿಯಮವಿತ್ತು. 1505ರಲ್ಲಿ ಅದು ಬೆಂಕಿಗೆ ಆಹುತಿಯಾದಾಗ ಸರ್ಕಾರವೇ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿಸಿತು. ಮುಂದೆ 1621ರಲ್ಲಿ ತುರ್ಕಿ ವ್ಯಾಪಾರಿಗಳಿಗೂ ಊರಿನ ಮುಖ್ಯ ಜಲಮಾರ್ಗವಾದ ದೊಡ್ಡ ಕಾಲುವೆಯ (ಗ್ರ್ಯಾಂಡ್ ಕೆನಾಲ್) ದಡದಲ್ಲಿ ಇಂಥದೇ ವಸತಿ ದೊರೆಯಿತು. ನಮ್ಮ ಕರಾವಳಿಯ ಕಡೆಯ ಮೆಣಸು ಅರಬ್ ನಾಡುಗಳ ಮೂಲಕ ಬಂದು ಬಿಕರಿಯಾಗುತ್ತಿದ್ದುದೂ ಇದೇ ರಿಯಾಲ್ಟೊದಲ್ಲಿ.

ಕನ್ನಡಿಗರಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. 1420ರ ಸುಮಾರಿಗೆ ವಿಜಯನಗರವನ್ನು ಕಂಡು ವರ್ಣಿಸಿದ ನಿಕೊಲೊ ಕೊಂತಿ, ವೆನಿಸ್ ನಿಂತಿರುವ ಹಿನ್ನೀರಿನದೇ ದಕ್ಷಿಣ ತುದಿಯ ಕಿಯೋಜ್ಜಾ ಊರಿನವನು. ತಾಳಿಕೋಟೆ ಯುದ್ಧದ ಎರಡು ವರ್ಷಗಳ ನಂತರ, 1567ರಲ್ಲಿ, ಹಾಳಾದ ವಿಜಯನಗರಕ್ಕೆ ಬಂದ ಚೆಸಾರೆ ಫೆದೆರಿಚಿ ವೆನಿಸ್‌ನ ವ್ಯಾಪಾರಿ. ಒಂದು ತಿಂಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ, ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ, ಅವನು ಅಲ್ಲಿ ಏಳು ತಿಂಗಳು ಉಳಿಯಬೇಕಾಯಿತು. ಮನೆಗಳು ನಿಂತಿದ್ದರೂ ಜನರಿಲ್ಲದೆ ಬರಿದಾಗಿದ್ದ ಆ ಪಟ್ಟಣದ ಬಗ್ಗೆ ಇಂದಿಗೂ ಇತಿಹಾಸಕಾರರು ಅವನ ಮಾತನ್ನು ಆಧಾರವಾಗಿ ಹಿಡಿಯುತ್ತಾರೆ. ಹೊಸಪೇಟೆಯ ಬಸ್ಸಿನಿಂದಿಳಿದು ಎರಡು ಗಂಟೆಯಲ್ಲಿ ಹಂಪಿ ನೋಡಿ ಮುಗಿಸುವವರನ್ನು ಕಂಡರೆ ನಮಗೆ ಆಗುವ ಸಂಕಟ, ವೆನಿಸ್‌ನವರಿಗೆ ತಮ್ಮ ಊರಿನ ವಿಷಯದಲ್ಲಿ ಪ್ರತಿದಿನ ಆಗುತ್ತಿದೆ.

ಅಲ್ಲಿನ ಸಂಕಟಕ್ಕೆ ಅಂಕಿಗಳೂ ಇವೆ. 1951ರಲ್ಲಿ ಈ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗೆ ಇಳಿಯಿತು. 2023ರಲ್ಲಿ ಪ್ರವಾಸಿಗರಿಗಾಗಿ ಇರುವ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ಮೀರಿತು. 2024ರ ಏಪ್ರಿಲ್ 25ರಿಂದ, ಜನಸಂದಣಿಯ ದಿನಗಳಲ್ಲಿ ಹಗಲಿಗಷ್ಟೇ ಬಂದು ಹೋಗುವವರಿಂದ 5 ಯೂರೊ ಪ್ರವೇಶ ಶುಲ್ಕ ವಸೂಲಿ ಮಾಡುವ ಪದ್ಧತಿ ಆರಂಭವಾಯಿತು. ಮರುವರ್ಷ ಕೊನೆಯ ಗಳಿಗೆಯಲ್ಲಿ ಕಟ್ಟುವವರಿಗೆ ಅದು 10 ಯೂರೊ ಆಯಿತು. ರಾತ್ರಿ ತಂಗುವವರಿಗೆ ಇದರಿಂದ ವಿನಾಯಿತಿ ಇದೆ, ಏಕೆಂದರೆ ಅವರು ಹೋಟೆಲಿನಲ್ಲೇ ಪ್ರವಾಸಿ ತೆರಿಗೆ ಕಟ್ಟಿರುತ್ತಾರೆ. ಆಡಳಿತದ ದೃಷ್ಟಿಯಿಂದ ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿರುವುದರಿಂದ ಅಲ್ಲಿ ತಂಗಿದವರಿಗೂ ಈ ವಿನಾಯಿತಿ ಸಿಗುತ್ತದೆ. ಆದರೆ ಅವರು ರಾತ್ರಿಯ ಊಟ, ಬೆಳಗಿನ ಕಾಫಿ, ಔಷಧಿ, ಹಣ್ಣು ಎಲ್ಲವನ್ನೂ ಮುಖ್ಯಭೂಮಿಯಲ್ಲೇ ಕೊಳ್ಳುತ್ತಾರೆ. ದ್ವೀಪದ ಓಣಿಗಳಲ್ಲಿ ದಿನಸಿ ಅಂಗಡಿಗಳು ಮುಚ್ಚಿ ಅಗ್ಗದ ಮುಖವಾಡಗಳ ಅಂಗಡಿಗಳು ತೆರೆಯುತ್ತಿರುವುದಕ್ಕೆ ಈ ಒಂದು ಹಗಲಿನ ಪ್ರವಾಸದ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ಇನ್ನು ಊರ ನಡುವೆ ಎಂದರೆ ಎಲ್ಲಿ ಎಂಬ ವಿಷಯಕ್ಕೆ ಬರುತ್ತೇನೆ. ಸಾನ್ ಮಾರ್ಕೊ ಚೌಕದ ಎದುರಿಗೇ ಕೋಣೆ ಬೇಕು ಎಂದು ಹಟ ಹಿಡಿಯಬೇಕಾಗಿಲ್ಲ. ವೆನಿಸ್‌ನಲ್ಲಿ ದೂರವನ್ನು ಮೀಟರಿನಲ್ಲಿ ಅಳೆಯುವುದಕ್ಕಿಂತ ಸೇತುವೆಗಳ ಲೆಕ್ಕದಲ್ಲಿ ಅಳೆಯುವುದೇ ಸರಿ. ಬಹುತೇಕ ಎಲ್ಲ ಸೇತುವೆಗಳಿಗೂ ಮೆಟ್ಟಿಲುಗಳಿವೆ, ಪ್ರತಿಯೊಂದು ಸೇತುವೆಯಲ್ಲೂ ಸೂಟ್‌ಕೇಸ್ ಎತ್ತಿ ಹತ್ತಬೇಕು, ಎತ್ತಿ ಇಳಿಯಬೇಕು. ಮಂಡಿನೋವಿರುವ ನನ್ನ ತಾಯಿಯವರೊಂದಿಗೆ ಹೋದಾಗ ನಾನು ನೋಡಿದ್ದು ಒಂದೇ ಅಂಶ: ವಪೊರೆತ್ತೊ, ಅಂದರೆ ಸಾರ್ವಜನಿಕ ದೋಣಿಯ ನಿಲ್ದಾಣದಿಂದ ಹೋಟೆಲ್ ಬಾಗಿಲಿನವರೆಗೆ ಎಷ್ಟು ಸೇತುವೆಗಳಿವೆ? ಒಂದೂ ಇಲ್ಲ ಎಂಬ ಉತ್ತರ ಬಂದ ಹೋಟೆಲನ್ನೇ ಆರಿಸಿದೆವು. ಅದು ದೊಡ್ಡ ಕಾಲುವೆಯಿಂದ ಸ್ವಲ್ಪವೇ ಒಳಗಿತ್ತು. ಅಮ್ಮ ಬೆಳಿಗ್ಗೆ ಎರಡು ಗಂಟೆ ಸುತ್ತಾಡಿ, ಬಿಸಿಲೇರುವ ಹೊತ್ತಿಗೆ ಕೋಣೆಗೆ ಬಂದು ಮಲಗಿ, ಸಂಜೆ ಮತ್ತೆ ಹೊರಡುತ್ತಿದ್ದರು. ಮೆಸ್ತ್ರೆಯಲ್ಲಿ ತಂಗಿದ್ದರೆ ಈ ಮಧ್ಯಾಹ್ನದ ವಿಶ್ರಾಂತಿ ಅವರಿಗೆ ಸಿಗುತ್ತಲೇ ಇರಲಿಲ್ಲ. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯುವವರಿಗೆ ಊರೊಳಗಿನ ಹೋಟೆಲು ಐಷಾರಾಮವಲ್ಲ, ಅಗತ್ಯ.

ವಿಳಾಸವನ್ನು ನಂಬಿ ಹೊರಡಬೇಡಿ. ಅಲ್ಲಿ ಮನೆಗಳಿಗೆ ಬೀದಿವಾರು ಸಂಖ್ಯೆಯಿಲ್ಲ, ಇಡೀ ಬಡಾವಣೆಗೆ ಒಂದೇ ಸರಣಿ. ಕಾಸ್ತೆಲ್ಲೊ ಬಡಾವಣೆಯಲ್ಲಿ ಅದು ಆರು ಸಾವಿರವನ್ನು ದಾಟುತ್ತದೆ. ಆದ್ದರಿಂದ ಹತ್ತಿರದ ದೋಣಿ ನಿಲ್ದಾಣದ ಹೆಸರು ಮತ್ತು ಅಲ್ಲಿಂದ ನಡೆಯುವ ದಾರಿಯನ್ನು ಹೋಟೆಲಿನವರಿಂದ ಮೊದಲೇ ಬರೆಸಿಕೊಳ್ಳಬೇಕು. ಹಳೆಯ ಕಟ್ಟಡಗಳಾದ್ದರಿಂದ ಅನೇಕ ಕಡೆ ಲಿಫ್ಟ್ ಇರುವುದಿಲ್ಲ, ಅದನ್ನೂ ಕೇಳಬೇಕು. ದೋಣಿಯ ಒಂದು ಟಿಕೆಟ್ 75 ನಿಮಿಷಕ್ಕೆ 9.50 ಯೂರೊ ಆಗುವುದರಿಂದ ದಿನಗಳ ಲೆಕ್ಕದ ಪಾಸ್ ಕೊಳ್ಳುವುದು ಮೇಲು.

ಅಕ್ಟೋಬರಿನಿಂದ ಜನವರಿಯವರೆಗೆ ಹೋಗುವವರು ನೀರಿನ ವಿಷಯವನ್ನೂ ಗಮನಿಸಬೇಕು. 2019ರ ನವೆಂಬರ್ 12ರಂದು ಉಬ್ಬರ 187 ಸೆಂಟಿಮೀಟರ್ ಮುಟ್ಟಿ ಊರು ಮುಳುಗಿತ್ತು. 2020ರ ಅಕ್ಟೋಬರಿನಿಂದ ಸಮುದ್ರದ ಬಾಯಲ್ಲಿ ಮೋಸೆ ತಡೆಗೇಟುಗಳು ಕೆಲಸ ಮಾಡುತ್ತಿರುವುದರಿಂದ ಅಂಥ ಭಯ ಈಗ ಬಹಳ ಕಡಿಮೆಯಾಗಿದೆ. ಆದರೆ ಗೇಟುಗಳನ್ನು ಏರಿಸುವುದು ದೊಡ್ಡ ಉಬ್ಬರದ ಮುನ್ಸೂಚನೆ ಇದ್ದಾಗ ಮಾತ್ರ. ತೀರ ತಗ್ಗಿನಲ್ಲಿರುವ ಸಾನ್ ಮಾರ್ಕೊ ಚೌಕಕ್ಕೆ ಅದಕ್ಕಿಂತ ಕಡಿಮೆ ಉಬ್ಬರದಲ್ಲೂ ನೀರು ಬರುತ್ತದೆ. ಆ ತಿಂಗಳುಗಳಲ್ಲಿ ನೆಲಮಹಡಿಯ ಕೋಣೆ ಬೇಡ.

ಕೊನೆಯದಾಗಿ, ಊರೊಳಗೆ ಉಳಿಯಿರಿ ಎಂದಾಗ ನಾನು ಹೇಳುತ್ತಿರುವುದು ಹೋಟೆಲುಗಳ ಬಗ್ಗೆ, ಪ್ರವಾಸಿಗರಿಗೆಂದೇ ಬಾಡಿಗೆಗೆ ಬಿಟ್ಟ ಮನೆಗಳ ಬಗ್ಗೆ ಅಲ್ಲ. ಅಡುಗೆಮನೆ ಸಿಗುತ್ತದೆ, ಅನ್ನ ಸಾರು ಮಾಡಿಕೊಳ್ಳಬಹುದು ಎಂಬ ಕಾರಣಕ್ಕೆ ನಮ್ಮವರು ಇಂಥ ಮನೆಗಳನ್ನೇ ಹುಡುಕುತ್ತಾರೆ, ಆ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಹಾಗೆ ಬಾಡಿಗೆಗೆ ಹೋದ ಒಂದೊಂದು ಮನೆಯೂ ಅಲ್ಲಿನ ಒಂದು ಕುಟುಂಬಕ್ಕೆ ಸಿಗದೆ ಹೋದ ಮನೆ. ಬೇರೆ ದಾರಿಯೇ ಇಲ್ಲದಿದ್ದರೆ, 2025ರಿಂದ ಇಟಲಿಯಲ್ಲಿ ಇಂಥ ಪ್ರತಿಯೊಂದು ವಸತಿಗೂ ಕಡ್ಡಾಯವಾಗಿರುವ ರಾಷ್ಟ್ರೀಯ ನೋಂದಣಿ ಸಂಖ್ಯೆ ಜಾಹೀರಾತಿನಲ್ಲಿ ಇದೆಯೇ ಎಂದು ನೋಡಿ, ಮನೆಯ ಮಾಲೀಕರು ಅದೇ ಊರಿನಲ್ಲಿ ವಾಸವಾಗಿದ್ದಾರೆಯೇ ಎಂದು ವಿಚಾರಿಸಿ, ಆಮೇಲೆ ಮುಂಗಡ ಕೊಡಿ.