ಪೇಂಟ್ ಹೊಡೆದ್ರೆ ಕಾಣ್ಸಲ್ಲ ಸಾರ್

ನಿನ್ನೆ ಕೈಮರ ಚೆಕ್‌ಪೋಸ್ಟ್ ಹತ್ರ ಮುಕ್ಕಾಲು ಗಂಟೆ ಸಿಕ್ಕಾಕ್ಕೊಂಡಿದ್ದೆ. ಭಾನುವಾರ ಮುಳ್ಳಯ್ಯನಗಿರಿ ಕಡೆ ತಲೆ ಹಾಕ್ಬಾರ್ದು ಅಂತ ಗೊತ್ತಿದ್ದೂ ಹೋದೆ, ನೆಂಟರು ಬಂದಿದ್ರು, ಆ ಕಥೆ ಬೇಡ. ನನ್ನ ಮುಂದೆ ಹುಡ್, ಅಂದ್ರೆ ಮೇಲಿನ ಟಾರ್ಪಾಲು, ತೆಗೆದ ಒಂದು ಜೀಪು. ಹಿಂದೆ ಫಳಫಳ ಹೊಳೆಯೋ ಸ್ಟೀಲ್ ರೋಲ್ ಬಾರು (ಗಾಡಿ ಮಗುಚಿದ್ರೆ ಒಳಗಿದ್ದವ್ರ ತಲೆ ಕಾಯೋ ಪೈಪಿನ ಕಮಾನು), ಅದರ ಮೇಲೆ ಆರು ಎಲ್‌ಇಡಿ ಲೈಟು, ಅದನ್ನ ಹಿಡ್ಕೊಂಡು ನಾಲ್ಕು ಹುಡುಗ್ರು ನಿಂತು ಸೆಲ್ಫಿ. ನನ್ನ ಕೈ ಸುಮ್ನಿರಲ್ಲ ಅಂತ ನಿಮಗೆಲ್ಲ ಗೊತ್ತಲ್ಲ, ಇಳಿದು ಹೋಗಿ ಬೆರಳಲ್ಲಿ ಕುಟ್ಟಿ ನೋಡ್ದೆ. ಟಣ್ ಅಂತು, ಖಾಲಿ ಎಣ್ಣೆ ಡಬ್ಬದ ಥರ. ಬಾಲ್ಕನಿ ರೇಲಿಂಗ್ ಪೈಪು ಮಾರ್ರೆ, ಪೈಪಿನ ಗೋಡೆ ದಪ್ಪ ಒಂದೂವರೆ ಎಂಎಂ ಇದ್ರೆ ಅದೇ ಹೆಚ್ಚು. ಬಗ್ಗಿ ಕೆಳಗೆ ನೋಡಿದ್ರೆ ಬಾಡಿ ತಗಡಿಗೆ ನೇರ ಬೋಲ್ಟು, ಅದರ ಕೆಳಗೆ ಕಾಸಗಲದ ವಾಷರ್. ಒಂಚೂರು ಅಲ್ಲಾಡಿಸ್ದೆ, ಅಲ್ಲಾಡ್ತು. "ಸೇಫ್ಟಿಗೆ ಹಾಕ್ಸಿದ್ದು ಅಂಕಲ್, ಹದಿನೆಂಟು ಸಾವ್ರ" ಅಂದ ಹುಡುಗ. ಅಂಕಲ್ ಅಂದಿದ್ದನ್ನ ಕ್ಷಮಿಸ್ದೆ. ಸೇಫ್ಟಿ ಅಂದಿದ್ದನ್ನ ಕ್ಷಮಿಸಕ್ಕಾಗ್ತಿಲ್ಲ, ಅದಕ್ಕೇ ರಾತ್ರಿ ಹನ್ನೊಂದಕ್ಕೆ ಇದನ್ನ ಟೈಪ್ ಮಾಡ್ತಾ ಕೂತಿದೀನಿ.

ಸಾಫ್ಟ್ ಟಾಪ್ ಜೀಪಲ್ಲಿ ತಲೆ ಮೇಲೆ ಏನಿದೆ ಹೇಳಿ? ಟಾರ್ಪಾಲು, ಅದನ್ನ ಹೊರೋ ಬಡಕಲು ಕಂಬಿ, ಅಷ್ಟೇ. ಮುಂದಿನ ಗ್ಲಾಸ್ ಫ್ರೇಮಿಗೆ ಕೀಲು ಇಟ್ಟಿರೋದೇ ಬಾನೆಟ್ ಮೇಲೆ ಮಡಚ್ಲಿ ಅಂತ, ಗಾಡಿ ಮಗುಚಿದಾಗ ಅದು ತನ್ನ ಕೆಲ್ಸ ತಾನು ನಿಷ್ಠೆಯಿಂದ ಮಾಡುತ್ತೆ. ಉಳಿಯೋದು ಸ್ಟೀರಿಂಗು, ಸೀಟಿನ ಬೆನ್ನು, ನಿಮ್ಮ ಕುತ್ತಿಗೆ. 2020ರ ಹೊಸ ಥಾರ್‌ಗೆ ಕಂಪನಿಯವ್ರೇ ಒಳಗೆ ರೋಲ್ ಕೇಜ್ ಕೂರ್ಸಿ ಕಳ್ಸಿದ್ದು ಸುಮ್ನೆ ಶೋಕಿಗಾ? ನಮ್ಮ ಹಳೇ ಮಹೀಂದ್ರಾ ಜೀಪುಗಳು, ಎಂಎಂ 540, ಮೇಜರ್‌ಗಳಿಗೆ ಆ ಭಾಗ್ಯ ಇಲ್ಲ, ನಾವೇ ಮಾಡಿಸ್ಕೋಬೇಕು. ಮಾಡಿಸ್ಕೊಳ್ಳೋದು ಹಿಂಗಾ?

ನಾನು ಹೋದ ವರ್ಷ ನಮ್ಮ 540ಗೆ ಬಾರ್ ಮಾಡಿಸಿದ ಪುರಾಣ ಹತ್ತಿರದವ್ರಿಗೆಲ್ಲ ಕೇಳಿ ಕೇಳಿ ಸಾಕಾಗಿದೆ, ಇನ್ನೊಂದ್ಸಲ ಕೇಳಿ. ರ್‍ಯಾಲಿ ಕಾರುಗಳಿಗೆ ಎಫ್‌ಐಎ (ಮೋಟಾರ್ ರೇಸಿನ ಜಾಗತಿಕ ಸಂಸ್ಥೆ) ನಿಯಮ ಇದೆ, ಗುಟ್ಟೇನಲ್ಲ, ಯಾರು ಬೇಕಾದ್ರೂ ಓದ್ಬಹುದು. ಡ್ರೈವರ್ ಬೆನ್ನ ಹಿಂದಿನ ಮೇನ್ ಹೂಪಿಗೆ, ಅಂದ್ರೆ ದೊಡ್ಡ ಕಮಾನಿಗೆ, ಕೋಲ್ಡ್ ಡ್ರಾನ್ ಸೀಮ್‌ಲೆಸ್ (ತಣ್ಣಗೇ ಎಳೆದ, ಬೆಸುಗೆ ಇಲ್ಲದ) ಪೈಪು, ಹೊರ ಅಳತೆ 45 ಎಂಎಂ ಇದ್ರೆ ಗೋಡೆ 2.5, ಇಲ್ಲಾ 50ಕ್ಕೆ 2. ಅದರ ಕಾಲು ಕೂರೋ ಕಡೆ 3 ಎಂಎಂ ದಪ್ಪದ 120 ಚದರ ಸೆಂಟಿಮೀಟರ್ ಪ್ಲೇಟು. ಬೋಲ್ಟು ಕಾಲಿಗೆ ಮೂರಾದ್ರೂ ಇರ್ಬೇಕು, ಎಂ8ಗಿಂತ (8 ಎಂಎಂ ದಪ್ಪ) ಸಣ್ಣದಾಗ್ಬಾರ್ದು, ಗಟ್ಟಿತನ 8.8 ಗ್ರೇಡು. ನಮ್ಮ ಚಿಕ್ಕಮಗಳೂರಲ್ಲೇ ಏಷ್ಯಾ ಪೆಸಿಫಿಕ್ ರ್‍ಯಾಲಿ ನಡೆದಾಗ ತೋಟದ ಬೇಲಿ ಹತ್ತಿ ಶಿಳ್ಳೆ ಹೊಡೆದ ಜನ ನಾವು, ಆ ಕಾರೊಳಗೆ ಏನು ಪೈಪು ಅಂತ ಒಬ್ನೂ ಬಗ್ಗಿ ನೋಡ್ಲಿಲ್ಲ.

ಬೆಂಗಳೂರಿನ ಪೀಣ್ಯದಿಂದ ಪೈಪು ತರ್ಸಿದೆ, ಇಲ್ಲೇ ಒಂದು ವೆಲ್ಡಿಂಗ್ ಶಾಪಲ್ಲಿ ಬೆಂಡ್ ಮಾಡಕ್ಕೆ ಕೊಟ್ಟೆ, ಮೊದಲ್ನೇ ಪೈಪು ಅರ್ಧ ಗಂಟೇಲಿ ಗುಜರಿ. ಯಾಕಂದ್ರೆ ಅವ್ರ ಹತ್ರ ಇರೋದು ನೀರಿನ ಪೈಪು ಬಗ್ಸೋ ಜಾಕಿ. ನಾವು ಒಂದೂವರೆ ಇಂಚು ಅಂತ ಕರೆಯೋ ಜಿಐ ಪೈಪಿನ (ಸತು ಲೇಪಿಸಿದ ನೀರಿನ ಪೈಪು) ಹೊರ ಅಳತೆ ನಿಜಕ್ಕೂ 48.3 ಎಂಎಂ, ಅಚ್ಚು ಅದಕ್ಕೆ ಮಾಡಿರೋದು, ನನ್ನ 45ರ ಪೈಪು ಅದರೊಳಗೆ ಸಡಿಲ ಕೂತು, ಒತ್ತಿದ ತಕ್ಷಣ ಒಳಮೈ ಸುಕ್ಕುಗಟ್ಟಿ ಹೊರಮೈ ಚಪ್ಪಟೆ ಆಯ್ತು. ಸುಕ್ಕು ಬಿದ್ದ ಪೈಪು ಭಾರ ಬಿದ್ದಾಗ ಮೊದ್ಲು ಮಡಚೋದು ಅಲ್ಲೇ. ಮೇಸ್ತ್ರಿ ನೋಡಿದ್ರು, ಕೆನ್ನೆ ಕೆರ್ಕೊಂಡ್ರು, "ಪೇಂಟ್ ಹೊಡೆದ್ರೆ ಕಾಣ್ಸಲ್ಲ ಸಾರ್" ಅಂದ್ರು.

ಕಾಣ್ಸಲ್ಲ ಸರಿ ಮಾರಾಯ, ಗಾಡಿಗೆ ಗೊತ್ತಾಗಲ್ವಾ?

ಆಮೇಲೆ 8 ಎಂಎಂ ಕಂಬಿ ಬಗ್ಸಿ ಗಾಡಿ ಒಳಗಿಟ್ಟು, ಹುಡ್ ಹಾಕಿ ತೆಗೆದು, ಹಾಕಿ ತೆಗೆದು, ಟಾರ್ಪಾಲಿಗೆ ತಾಗ್ದಂಗೆ ಎರಡು ಬೆರಳು ಸಂದು ಬಿಟ್ಟು ಮಾದರಿ ಮಾಡ್ಕೊಂಡು, ಅದನ್ನ ಹೊತ್ಕೊಂಡು ಬೆಂಗಳೂರು ಬಸ್ ಹತ್ತಿದೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ, ದೇವಸ್ಥಾನದ ಪ್ರಭಾವಳಿನಾ ಅಂತ ಬೇರೆ ಕೇಳ್ದ. ಅಲ್ಲಿಯವ್ರು ಪೈಪಿನೊಳಗೆ ಮ್ಯಾಂಡ್ರೆಲ್ (ಚಪ್ಪಟೆ ಆಗದಂಗೆ ತಡೆಯೋ ಅಚ್ಚು) ಇಟ್ಟು ಬಗ್ಸಿದ್ರು, ಒಂದು ಸುಕ್ಕಿಲ್ಲ. ಹಿಂದಕ್ಕೆ ಊರುಗೋಲಿನ ಥರ ಎರಡು ಕಾಲು, ಹೂಪಿಗೆ ಅಡ್ಡ ಒಂದು ಓರೆ ಪೈಪು, ಅದಿಲ್ಲದಿದ್ರೆ ಪಕ್ಕದಿಂದ ಏಟು ಬಿದ್ದಾಗ ಚೌಕಟ್ಟು ಮಂಚದ ಕಾಲಿನಂಗೆ ವಾಲ್ಕೊಳುತ್ತೆ. ಕಾಲುಗಳನ್ನ ಚಾಸಿಗೇ ವೆಲ್ಡ್ ಹೊಡೆದುಬಿಡೋಣ ಅಂದ್ರು, ನಾನು ಒಪ್ಲಿಲ್ಲ. ಬಾಡಿ ಕೂತಿರೋದು ರಬ್ಬರ್ ಮೇಲೆ, ಚಾಸಿ ಒಂದು ಕಡೆ ತಿರುಚಿದ್ರೆ ಬಾಡಿ ಇನ್ನೊಂದು ಕಡೆ, ಹಂಗೆ ಬಿಗಿದ್ರೆ ಮೂರು ತಿಂಗಳಿಗೆ ವೆಲ್ಡ್ ಬಿರುಕು. ಬಾಡಿ ಮೇಲೊಂದು ಪ್ಲೇಟು ಕೆಳಗೊಂದು ಪ್ಲೇಟು, ಮಧ್ಯೆ ತಗಡು, ಅಲ್ಲಿಂದ ಬುಷ್ ಹಾಕಿ ಚಾಸಿಗೆ ಬ್ರಾಕೆಟ್ಟು. ಇದಿಷ್ಟಕ್ಕೆ ಎರಡು ತಿಂಗಳು ಜಗಳ. ಹೊಳಪಿಲ್ಲ, ಕಪ್ಪು ಪೇಂಟು, ನೋಡಿದವ್ರು "ಇದೇನ್ ಸಾರ್ ಗೇಟ್ ಥರ ಇದೆ" ಅಂತಾರೆ. (ಆರ್‌ಟಿಓ ವಿಷ್ಯ ಕಾಮೆಂಟಲ್ಲಿ ಕೆದಕ್ಬೇಡಿ, ನನ್ನ ಗಾಡಿ ತೋಟದ ಗೇಟು ದಾಟಲ್ಲ.)

ಈಗ ಒಬ್ರು ಬಂದೇ ಬರ್ತೀರ, ನಮ್ಮಜ್ಜ ನಲವತ್ತು ವರ್ಷ ಜೀಪು ಓಡ್ಸಿದ್ರು, ಯಾವ ಬಾರೂ ಇರ್ಲಿಲ್ಲ, ಏನಾಗಿತ್ತು ಅಂತ. ನಿಮ್ಮಜ್ಜ ಟಾಪ್ ತೆಗೆದು ಹನ್ನೊಂದು ಜನ ತುಂಬ್ಕೊಂಡು ರೀಲ್ಸ್ ಮಾಡ್ತಾ ಓಡಿಸ್ಲಿಲ್ಲ. ಇನ್ನೊಬ್ರು, ತೋಟದ ದಾರೀಲಿ ಇಪ್ಪತ್ತರ ಸ್ಪೀಡಲ್ಲಿ ಏನಾಗುತ್ತೆ ಬಿಡಿ ಸಾರ್ ಅಂತೀರ.

ನನ್ನದು ಐದೂ ಇರ್ಲಿಲ್ಲ. ಜುಲೈ ತಿಂಗಳು, ಕೆರೆ ಏರಿ ಮೇಲೆ ರಿವರ್ಸ್ ತಗೋತಿದ್ದೆ, ನೆನೆದ ಮಣ್ಣು ಕುಸೀತು, ಗಾಡಿ ಎಮ್ಮೆ ಮಲಗಿದಂಗೆ ನಿಧಾನಕ್ಕೆ ಮಗುಚ್ತು. ಯೋಚ್ನೆ ಮಾಡಕ್ಕೆ ಟೈಮಿತ್ತು, ಅಷ್ಟು ನಿಧಾನ. ಬೆಲ್ಟ್ ಹಾಕಿರ್ಲಿಲ್ಲ, ಅರ್ಧ ಹೊರಗೆ ಬಿದ್ದೆ, ಗಾಡಿ ಒಂದು ಸಿಲ್ವರ್ ಓಕ್ ಬುಡಕ್ಕೆ ಒರಗಿ ನಿಲ್ತು, ಅದೇ ಪುಣ್ಯ. ಕಾಲರ್ ಬೋನ್ ಮುರಿದಿದ್ದು ನಿಮಗೆ ಗೊತ್ತು, ಬಚ್ಚಲಲ್ಲಿ ಜಾರಿದೆ ಅಂತ ಹೇಳಿದ್ದೆ, ಸುಳ್ಳು. ಯಾಕೆ ಸುಳ್ಳು ಹೇಳ್ದೆ ಅಂದ್ರೆ ಆವಾಗ್ಲೂ ಗಾಡೀಲಿ ರೋಲ್ ಬಾರ್ ಇತ್ತು. ಜಿಐ ಪೈಪಿಂದು, ನಾನೇ ನಿಂತು ಮಾಡ್ಸಿದ್ದು, ತಗಡಿಗೆ ಬೋಲ್ಟು, ಸಿಲ್ವರ್ ಪೇಂಟು. ಬೋಲ್ಟೆಲ್ಲ ತಗಡು ಹರ್ಕೊಂಡು ಬಂದು ಬಾರು ಸೀಟಿನ ಮೇಲೆ ಅಂಗಾತ ಮಲ್ಗಿತ್ತು. ನಾನು ಹೊರಗೆ ಬಿದ್ದಿದ್ದಕ್ಕೇ ಉಳ್ಕೊಂಡೆ, ಅಂದ್ರೆ ಆ ಬಾರಿನಿಂದ ತಪ್ಪಿಸ್ಕೊಂಡೆ ಅನ್ನಿ. 2014ರ ಪ್ರೊಫೈಲ್ ಫೋಟೋದಲ್ಲಿ ಅದನ್ನ ಹಿಡ್ಕೊಂಡು ಎದೆ ಸೆಟೆಸಿ ನಿಂತಿದೀನಿ, ಹುಡುಕಿ ನಗಾಡ್ಬೇಡಿ.

ಆ ಹುಡುಗನಿಗೆ ಇದೆಲ್ಲ ಹೇಳ್ಬೇಕಿತ್ತು. ಅಷ್ಟರಲ್ಲಿ ಹಿಂದಿನವ್ರು ಹಾರ್ನ್ ಹೊಡೆದ್ರು, ಅವ್ನು ಹೊರಟ, ನಾಲ್ಕು ಜನ ಆ ಪೈಪಿಗೆ ಜೋತು ಬಿದ್ದು "ಹೋ" ಅಂತ ಕೂಗ್ಕೊಂಡು ಹೋದ್ರು. ಒಳಗೆ ಬೆಲ್ಟಿದ್ದಂಗೆ ಕಾಣ್ಲಿಲ್ಲ. ಬೆಲ್ಟಿಲ್ಲದೆ ಬಾರು ಎಷ್ಟು ಗಟ್ಟಿ ಇದ್ರೂ ಏನು, ಮನುಷ್ಯ ಅದರ ಕೆಳಗೆ ಉಳಿದ್ರೆ ತಾನೇ.

ನನ್ನ ಹೊಸ ಬಾರಿಗೆ ತಲೆ ತಾಗೋ ಕಡೆ ಹಾಕಕ್ಕೆ ಗಟ್ಟಿ ಫೋಮ್ ಇನ್ನೂ ಸಿಕ್ಕಿಲ್ಲ, ಬೆಂಗಳೂರಿಂದ ಈ ವಾರ ಬರೋರಿದ್ರೆ ಮೆಸೇಜ್ ಮಾಡಿ. ಹಳೇ ಜಿಐ ಬಾರು ಕೇಳಿದವ್ರಿಗೆ, ಅದು ಬಚ್ಚಲ ಹಿಂದೆ ಸೀಮೆಬದನೆ ಚಪ್ಪರ ಹೊತ್ಕೊಂಡು ನಿಂತಿದೆ. ಈ ಮಳೆಗೆ ಅದೂ ವಾಲಿದೆ.