ಹತ್ತರ ಕಾಯಿನ್ ನಡೆಯಲ್ಲ

"ಹತ್ತರ ಕಾಯಿನ್ ಬೇಡ ಸಾರ್, ನಡೆಯಲ್ಲ."

ಸೊಪ್ಪು ಮಾರುವ ಅಮ್ಮ ನಾನು ಕೊಟ್ಟ ನಾಣ್ಯವನ್ನು ಕೊತ್ತಂಬರಿ ಕಟ್ಟಿನ ಪಕ್ಕ ವಾಪಸ್ ಇಟ್ಟರು. ಯಾಕಮ್ಮ ನಡೆಯಲ್ಲ ಅಂದೆ. "ಯಾರೂ ತಗೊಳಲ್ಲ, ಅದಕ್ಕೇ ನಾನೂ ತಗೊಳಲ್ಲ." ನೀವು ತಗೊಂಡ್ರೆ ನಡೆಯುತ್ತಲ್ಲ ಅಂದೆ. ಬೆಳಗ್ಗೆ ಬೆಳಗ್ಗೆ ಎಂಥ ತಲೆಹರಟೆ ಗಿರಾಕಿ ಬಂದನಪ್ಪಾ ಅನ್ನುವಂತೆ ನೋಡಿ, ಪಕ್ಕದವರಿಗೆ ದಂಟಿನ ಸೊಪ್ಪು ಕೊಡಲು ತಿರುಗಿದರು. ಕೊನೆಗೆ ಇಪ್ಪತ್ತರ ನೋಟು ಕೊಟ್ಟೆ. ಎಲೆ ಅಡಿಕೆ ಸಂಚಿಯಿಂದ ಒಂದು ಹತ್ತರ ನೋಟು ತೆಗೆದು ಕೈಗಿಟ್ಟರು.

ಆ ನೋಟನ್ನು ನೀವು ನೋಡಬೇಕಿತ್ತು. ನಡುವೆ ಹರಿದು, ಸೆಲ್ಲೋಟೇಪ್ ಅಂಟಿಸಿಕೊಂಡಿತ್ತು. ಟೇಪಿನ ಅಂಚಿಗೆ ಕೊಳೆ ಕೂತು ಕಪ್ಪು ಗೆರೆಯಾಗಿತ್ತು. ಹಿಂಬದಿಯ ಕೋನಾರ್ಕದ ಚಕ್ರದ ಮೇಲೆ ಸುಣ್ಣದ ಬೆರಳಚ್ಚು. ಅಲ್ಲೇ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯದಾಗಿ ನಮ್ಮ ಕನ್ನಡ ಇರುತ್ತದಲ್ಲ, ಅದರಲ್ಲಿ 'ರೂಪಾಯಿಗಳು' ಮಾತ್ರ ಉಳಿದಿತ್ತು. ಎಷ್ಟು ರೂಪಾಯಿಗಳು ಅನ್ನುವುದು ಟೇಪಿನ ಅಡಿಗೆ ಹೋಗಿತ್ತು. ಮುಂಬದಿಯ ಖಾಲಿ ಜಾಗದಲ್ಲಿ ಯಾರೋ ಬಾಲ್‌ಪೆನ್ನಿನಲ್ಲಿ ನಾನೂರ ಇಪ್ಪತ್ತರಲ್ಲಿ ನೂರೈವತ್ತು ಕಳೆಯಲು ಹೊರಟು, ಉತ್ತರ ಬರೆಯದೇ ಬಿಟ್ಟಿದ್ದರು. ಇದು ನಡೆಯುತ್ತದೆ! ಹಿತ್ತಾಳೆ ಬಣ್ಣದ ಬಳೆ ಹಾಕಿಕೊಂಡು ಗಟ್ಟಿಯಾಗಿ, ಚೆನ್ನಾಗಿರುವ ನಾಣ್ಯ ಮಾತ್ರ ನಡೆಯುವುದಿಲ್ಲ.

ರಿಸರ್ವ್ ಬ್ಯಾಂಕ್ ಏನೂ ಸುಮ್ಮನೆ ಕೂತಿಲ್ಲ. 2018ರ ಜನವರಿಯಲ್ಲೇ ಹೇಳಿಕೆ ಕೊಟ್ಟಿತು: ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಅಸಲಿ, ಧೈರ್ಯವಾಗಿ ತಗೊಳ್ಳಿ. 14440ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಫೋನ್ ಮಾಡಿ ಹೇಳುತ್ತೇವೆ ಅಂತಲೂ ಮೆಸೇಜ್ ಕಳಿಸಿತು. ಆದರೆ ಸೊಪ್ಪಿನಂಗಡಿ ಮುಂದೆ ನಿಂತು ದೇಶದ ದೊಡ್ಡ ಬ್ಯಾಂಕಿಗೆ ಮಿಸ್ಡ್ ಕಾಲ್ ಕೊಡುವಷ್ಟು ಪುರುಸೊತ್ತು ಯಾರಿಗಿದೆ? ಜನ ತಮ್ಮದೇ ಪರೀಕ್ಷೆ ಕಂಡುಕೊಂಡರು. ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ. ರೂಪಾಯಿ ಚಿಹ್ನೆ ಇದ್ದರೆ ಸರಿ, ಇಲ್ಲದಿದ್ದರೆ ಅನುಮಾನ. ಚಿಹ್ನೆ ಹುಟ್ಟಿದ್ದೇ 2010ರಲ್ಲಿ. ಅದಕ್ಕೂ ಮುಂಚೆ ಟಂಕಿಸಿದ ನಾಣ್ಯ ಅದನ್ನು ಎಲ್ಲಿಂದ ತರಬೇಕು, ಪಾಪ. ಆದರೆ ನಾನು ಜನರನ್ನು ಪೂರ್ತಿ ಬೈಯುವುದಿಲ್ಲ. ಒಂದೇ ಬೆಲೆಯ ನಾಣ್ಯಕ್ಕೆ ಹದಿನಾಲ್ಕು ಮುಖ ಕೊಟ್ಟರೆ ಯಾವನಿಗೆ ನಂಬಿಕೆ ಬರುತ್ತದೆ? ನಮ್ಮ ಬೀದಿಯ ಹಾಲಿನವನು ದಿನಕ್ಕೊಂದು ಮುಖ ಹಾಕಿಕೊಂಡು ಬಂದರೆ ನಾನೂ ಬಾಗಿಲು ತೆರೆಯುವುದಿಲ್ಲ.

ಇರಲಿ. ನೋಟು ಮೇಲೋ ನಾಣ್ಯ ಮೇಲೋ ಎಂಬುದನ್ನು ಇವತ್ತು ತೀರ್ಮಾನ ಮಾಡಿಬಿಡಬೇಕು ಅಂತಲೇ ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಬಸ್ಸಿನ ಒಂದು ಸಂಗತಿ ಹೇಳಬೇಕು.

ಚಿಲ್ಲರೆ ಇಲ್ಲದ ಕಂಡಕ್ಟರ್ ಎರಡು ಕೆಲಸ ಮಾಡುತ್ತಾರೆ. ಒಂದು, ಟಿಕೆಟ್ ಹಿಂದೆ ಬಾಕಿ ಬರೆದು ಕೊಡುವುದು. ಅದನ್ನು ಇಳಿಯುವಾಗ ಕೇಳಲು ಮರೆತು, ಆಮೇಲೆ ಪ್ಯಾಂಟ್ ಒಗೆಯುವಾಗ ಜೇಬಿನಲ್ಲಿ ನೋಡಿ ಹೊಟ್ಟೆ ಉರಿದುಕೊಳ್ಳದ ಕನ್ನಡಿಗ ಇರಲಾರ. ಇನ್ನೊಂದು ಇದಕ್ಕಿಂತ ಘೋರ. ಗುರುತು ಪರಿಚಯ ಇಲ್ಲದ ಇಬ್ಬರ ಬಾಕಿಯನ್ನು ಸೇರಿಸಿ ಒಂದೇ ನೋಟು ಕೊಟ್ಟು, "ಇಬ್ರೂ ಹಂಚ್ಕೊಳಿ" ಅಂತ ಮುಂದಿನ ಸೀಟಿಗೆ ಹೋಗಿಬಿಡುವುದು.

ಕಡೂರಿನಿಂದ ಭದ್ರಾವತಿಗೆ ಹೋಗುವಾಗ ನನಗೂ ಒಬ್ಬರು ಹೀಗೆ ಗಂಟುಬಿದ್ದರು. ಪಕ್ಕದ ಸೀಟಿನ ಯಜಮಾನರು. ಕಾಲ ಕೆಳಗೆ ತೆಂಗಿನಕಾಯಿ ಚೀಲ, ತಲೆಗೆ ಟವೆಲ್. ನನಗೆ ಮೂವತ್ತು ಬರಬೇಕು, ಅವರಿಗೆ ಇಪ್ಪತ್ತು. ಕಂಡಕ್ಟರ್ ಹಂಪಿಯ ಕಲ್ಲಿನ ರಥ ಇರುವ ಒಂದು ಐವತ್ತರ ನೋಟು ಕೊಟ್ಟು ಹೋದರು. ಅದನ್ನು ಯಜಮಾನರು ತಗೊಂಡು, ಎರಡು ಮಡಿಕೆ ಮಾಡಿ, ತಮ್ಮ ಅಂಗಿಯ ಮೇಲು ಜೇಬಿಗೆ ಹಾಕಿಕೊಂಡು, ಕಣ್ಣು ಮುಚ್ಚಿದರು.

ನನ್ನ ಮೂವತ್ತು ರೂಪಾಯಿ ಅವರ ಎದೆಯ ಮೇಲೆ ಏರುತ್ತಾ ಇಳಿಯುತ್ತಾ ಇತ್ತು. ನಾನು ಕಿಟಕಿ ನೋಡಲಿಲ್ಲ, ಫೋನ್ ನೋಡಲಿಲ್ಲ. ಜೇಬನ್ನೇ ನೋಡುತ್ತಾ ಕೂತೆ. ಬೀರೂರು ಬಂತು, ಹೋಯಿತು. ಎಬ್ಬಿಸೋಣವೇ? ಮೂವತ್ತು ರೂಪಾಯಿಗೆ ಹಿರಿಯರ ನಿದ್ದೆ ಕೆಡಿಸಿದೆ ಅಂತ ಹಿಂದಿನ ಸೀಟಿನವರು ಅಂದುಕೊಳ್ಳುವುದಿಲ್ಲವೇ? ಬೇಡ, ಹೋದರೆ ಹೋಗಲಿ ಅಂದುಕೊಂಡೆ. ಹಾಗಂದುಕೊಂಡ ಮೇಲೆ ಆ ಮೂವತ್ತು ಇನ್ನೂ ದೊಡ್ಡದಾಗಿ ಕಾಣತೊಡಗಿತು. ತರೀಕೆರೆ ಹತ್ತಿರ ಬಂದಾಗ ಅವರಾಗೇ ಎಚ್ಚರಗೊಂಡು, "ನೀವ್ ಎಲ್ಲಿ ಇಳಿಯೋದು?" ಅಂದರು. ಭದ್ರಾವತಿ ಅಂದೆ. "ನಾನು ಇಲ್ಲೇ. ಬನ್ನಿ, ಚಿಲ್ರೆ ಮಾಡ್ಸೋಣ."

ತರೀಕೆರೆಯಲ್ಲಿ ಬಸ್ಸು ಐದು ನಿಮಿಷ ನಿಲ್ಲುತ್ತದೆ ಅಂದರು ಡ್ರೈವರ್. ಬೇಕರಿಗೆ ಹೋದೆವು. ಸುಮ್ನೆ ಚಿಲ್ಲರೆ ಕೇಳಿದರೆ ಯಾರು ಕೊಡುತ್ತಾರೆ? "ಏನಾದ್ರೂ ತಗೊಳ್ಳಿ ಸಾರ್." ಎರಡು ಟೀ ಹೇಳಿದೆವು, ತಲಾ ಹತ್ತು. ಟೀ ಕುದಿಯುತ್ತಿತ್ತು, ಅತ್ತ ಬಸ್ಸಿನ ಎಂಜಿನ್ನೂ ಗುರುಗುಡುತ್ತಿತ್ತು. ಕುಡಿದ ಮೇಲೆ ಬೇಕರಿಯವನು ಒಂದು ಇಪ್ಪತ್ತರ ನೋಟು, ಒಂದು ಹತ್ತರ ನಾಣ್ಯ ಕೊಟ್ಟ. ಲೆಕ್ಕದ ಪ್ರಕಾರ ಇಪ್ಪತ್ತು ನನ್ನದು, ಹತ್ತು ಅವರದು. ಯಜಮಾನರು ನಾಣ್ಯ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. "ಇದು ನಮ್ಮೂರಲ್ಲಿ ನಡೆಯಲ್ಲ. ಭದ್ರಾವತಿ ಕಡೆ ನಡೆಯುತ್ತೆ, ನೀವ್ ಇಟ್ಕೊಳಿ." ಬೇಕರಿಯವನನ್ನು ಕೇಳಿದರೆ ನನ್ನ ಹತ್ತಿರ ನೋಟಿಲ್ಲ ಅಂದ. ನಮ್ಮ ಬಸ್ಸು ಹಾರನ್ ಹೊಡೆಯಿತು. ಯಜಮಾನರು ನನ್ನ ಕೈಯಿಂದ ಇಪ್ಪತ್ತರ ನೋಟು ತಗೊಂಡು, ನಾಣ್ಯವನ್ನು ನನ್ನ ಅಂಗೈಗೆ ಒತ್ತಿ, ಚೀಲದಿಂದ ಒಂದು ತೆಂಗಿನಕಾಯಿ ಎತ್ತಿ ಕೊಟ್ಟು, "ಲೆಕ್ಕ ಚುಕ್ತಾ" ಅಂದರು.

ಎಲ್ಲಿ ಚುಕ್ತಾ? ತೆಂಗಿನಕಾಯಿಗೆ ಆಗಲೇ ಹತ್ತಕ್ಕಿಂತ ಜಾಸ್ತಿ ಬೆಲೆ. ಈಗ ನಾನೇ ಅವರಿಗೆ ಬಾಕಿ. ತೆಂಗಿನಕಾಯಿ ಹಿಡಿದು ಓಡಿ ಬಸ್ಸು ಹತ್ತಿದವನನ್ನು ಕಂಡಕ್ಟರ್ ನೋಡಿ, "ಹಂಚ್ಕೊಂಡ್ರಾ ಸಾರ್?" ಅಂದರು. ಅವರ ಮೇಲೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ. ಶಕ್ತಿ ಯೋಜನೆ ಬಂದ ಮೇಲೆ ಅರ್ಧ ಬಸ್ಸಿಗೆ ಚಿಲ್ಲರೆಯ ಮಾತೇ ಇಲ್ಲ. ಉಳಿದವರಲ್ಲಿ ಎಷ್ಟೋ ಜನ ಫೋನ್ ತೋರಿಸುತ್ತಾರೆ. ಇನ್ನು ಮುಂದೆ ಯಾರಿಗೂ ಹೀಗೆ ತೆಂಗಿನಕಾಯಿ ಸಿಗಲಿಕ್ಕಿಲ್ಲ.

ಎಲ್ಲಿದ್ದೆವು? ನಾಣ್ಯ. ಬ್ರಿಟನ್ನಿನವರು 1983ರಲ್ಲಿ ಒಂದು ಪೌಂಡಿನ ನಾಣ್ಯ ತಂದರು. ಜನ ಗೊಣಗಿದರು. 1988ರಲ್ಲಿ ಪೌಂಡಿನ ನೋಟನ್ನೇ ಹಿಂದಕ್ಕೆ ಪಡೆದರು, ಗೊಣಗಾಟ ತಾನಾಗೇ ನಿಂತಿತು. ಅಮೆರಿಕದವರು ಡಾಲರ್ ನಾಣ್ಯ ತಂದರೂ ನೋಟು ಉಳಿಸಿಕೊಂಡರು. ನಾಣ್ಯ ಯಾರಿಗೂ ಬೇಡವಾಯಿತು. ನಮ್ಮದು ಅಮೆರಿಕದ ದಾರಿ. ಹತ್ತರ ನಾಣ್ಯವೂ ಇರಲಿ, ನೋಟೂ ಇರಲಿ. ಯಾರಿಗೂ ಬೇಜಾರಾಗಬಾರದು ಅನ್ನುವ ನಮ್ಮ ಮದುವೆ ಮನೆಯ ನೀತಿ. ಒಂದು ರೂಪಾಯಿ ನೋಟಿನ ಕಥೆಯೂ ಅದೇ. 1994ರಲ್ಲಿ ಅದನ್ನು ಅಚ್ಚು ಹಾಕುವುದು ನಿಲ್ಲಿಸಿದ್ದರು, 2015ರಲ್ಲಿ ಮತ್ತೆ ಶುರುಮಾಡಿದರು. ಅದರ ಮೇಲೆ ಗವರ್ನರ್ ಸಹಿ ಕೂಡ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ. ಯಾಕೆ ಬಂತೋ, ಬಂದು ಎಲ್ಲಿ ಹೋಯಿತೋ.

ನಡುವೆ ಒಂದು ಆಸೆ ತೋರಿಸಿದ್ದರು, ಪ್ಲಾಸ್ಟಿಕ್ ನೋಟು. ಹತ್ತರ ಪ್ಲಾಸ್ಟಿಕ್ ನೋಟನ್ನು ಐದು ಊರುಗಳಲ್ಲಿ ಬಿಟ್ಟು ನೋಡುತ್ತೇವೆ ಅಂದರು. ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರದ ಜೊತೆ ನಮ್ಮ ಮೈಸೂರಿನ ಹೆಸರೂ ಇತ್ತು. ನೋಟು ಅಚ್ಚಾಗುವ ಊರು, ಹಕ್ಕಿನಿಂದ ಬರಬೇಕಾದದ್ದೇ. ನೆಂದರೆ ಹಾಳಾಗಲ್ಲ, ಹರಿಯಲ್ಲ ಅಂತೆಲ್ಲ ಓದಿ, ಮೈಸೂರಿನ ನೆಂಟರಿಗೆ ಬಂದ ತಕ್ಷಣ ಒಂದು ಎತ್ತಿಡಿ ಅಂತ ಹೇಳಿಟ್ಟಿದ್ದೆ. ಆ ನೋಟು ಬರಲೇ ಇಲ್ಲ. ಟೇಪ್ ಮಾಡುವವರಿಗೆ ವ್ಯಾಪಾರ ಉಳಿಯಿತು.

ಒಂದು ರೂಪಾಯಿ ನಾಣ್ಯಕ್ಕೆ ಮಾತ್ರ ಈ ಕಾಲದಲ್ಲೂ ಒಂದು ಕಡೆ ಮರ್ಯಾದೆ ಇದೆ. ಮುಯ್ಯಿ ಕವರ್. ಮೇಲೆ ಒಂದು ರೂಪಾಯಿ ಅಂಟಿಸಿಯೇ ಮಾರುತ್ತಾರೆ. ಒಳಗೆ ಐನೂರೋ ನೂರೋ ಯಾರಿಗೂ ಕಾಣದು, ಹೊರಗಿನ ಒಂದು ರೂಪಾಯಿ ಎಲ್ಲರಿಗೂ ಕಾಣುತ್ತದೆ.

ಉಳಿದ ಚಿಲ್ಲರೆಯೆಲ್ಲ ನಮ್ಮ ಮನೆಯ ಒಂದು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿದೆ. ಬಾಟಲಿ ತುಂಬಿತು, ಬ್ಯಾಂಕಿಗೆ ಹಾಕಿ ಬನ್ನಿ ಎಂದಳು ನನ್ನ ಹೆಂಡತಿ. ಹೋದೆ. "ನೂರು ನೂರು ಎಣಿಸಿ, ಕವರಿಗೆ ಹಾಕಿ ತನ್ನಿ" ಅಂದರು ಕೌಂಟರಿನವರು. ಭಾನುವಾರ ನೆಲದ ಮೇಲೆ ಪೇಪರ್ ಹಾಸಿ ಕೂತೆ. ಐದರದ್ದು ಬೇರೆ ಮಾಡುವುದು ಕಷ್ಟವಲ್ಲ. ಒಂದು, ಎರಡರದ್ದೇ ತಾಪತ್ರಯ. 2011ರಲ್ಲಿ ಬಂದ ಎರಡು ರೂಪಾಯಿ ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ, ಸ್ಟೀಲು. ಅದಕ್ಕೂ ಹಿಂದಿನ ಒಂದು ರೂಪಾಯಿ? ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ, ಸ್ಟೀಲು. ಯಾವ ಪುಣ್ಯಾತ್ಮರು ಕೂತು ಇದನ್ನು ತೀರ್ಮಾನಿಸಿದರೋ! ಬೆರಳಿಗೂ ಗೊತ್ತಾಗದು, ತಕ್ಕಡಿಗೂ ಗೊತ್ತಾಗದು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದಬೇಕು. ಹತ್ತು, ಇಪ್ಪತ್ತರ ನಾಣ್ಯಗಳೂ ಅಷ್ಟೆ, ಎರಡಕ್ಕೂ ಒಂದೇ ಅಗಲ. ಇಪ್ಪತ್ತಕ್ಕೆ ಹನ್ನೆರಡು ಮೂಲೆ ಇರುವುದು ಪುಣ್ಯ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು. ಸಂಜೆ ಆರತಕ್ಷತೆ ಇದೆ, ಮುಯ್ಯಿ ಕವರಿನ ನಾಣ್ಯ ಕಿತ್ತು ಬಂದಿದೆ, ಅಲ್ಲಿಂದ ಒಂದು ರೂಪಾಯಿ ಕೊಡಿ. ಒಂದರ ರಾಶಿಯಿಂದಲೇ ಎತ್ತಿ ಕೊಟ್ಟೆ. ಗೋಂದು ಹಚ್ಚಿ ಅಂಟಿಸಿ, ಕನ್ನಡಕ ಹಾಕಿಕೊಂಡು ನೋಡಿದವಳು, "ರೀ, ಇದು ಎರಡು ರೂಪಾಯಿದು. ಐನೂರ ಎರಡು ಮುಯ್ಯಿ ಯಾರಾದ್ರೂ ಮಾಡ್ತಾರಾ?" ಅಂದಳು.