ಪಾರ್ವತಜ್ಜಿಯ ಪತ್ತೆ

ಕಳೆದ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಪುರೋಹಿತರು ತಂದೆಯ ಹೆಸರು ಕೇಳಿದರು, ಹೇಳಿದೆ. ಅಜ್ಜನ ಹೆಸರು ಕೇಳಿದರು, ಅದನ್ನೂ ಹೇಳಿದೆ. ಮುತ್ತಜ್ಜನ ಹೆಸರು ಕೇಳಿದಾಗ ಮಾತ್ರ ಬಾಯಿ ಕಟ್ಟಿಹೋಯಿತು. 32 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಪಂಪನ ತಂದೆ ಭೀಮಪಯ್ಯ, ಅಜ್ಜ ಕೊಮರಯ್ಯ, ಮುತ್ತಜ್ಜ ಅಭಿಮಾನಚಂದ್ರ ಎಂದು ಮಕ್ಕಳಿಗೆ ಉರು ಹೊಡೆಸಿದವನಿಗೆ ತನ್ನ ಮುತ್ತಜ್ಜ ಯಾರೆಂಬುದು ಗೊತ್ತಿರಲಿಲ್ಲ.

“ನಿಮ್ಮ ಮನೆಯಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದಲ್ಲವೇ? ಮಾವನವರು ನರಸಿಂಹಯ್ಯ ಅಂದಮೇಲೆ ಅವರ ಅಜ್ಜನೂ ನರಸಿಂಹಯ್ಯನೇ. ಹೇಳಿ ಮುಗಿಸಿ, ವಡೆ ಆರುತ್ತಿದೆ” ಎಂದು ನನ್ನಾಕೆ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಆ ಹೊತ್ತಿಗೆ ಹಾಗೆಯೇ ಹೇಳಿ ಮುಗಿಸಿದೆನಾದರೂ, ಆಧಾರವಿಲ್ಲದ ಊಹೆಯನ್ನು ಪಿತೃಗಳ ಮುಂದೆ ಇಟ್ಟೆನಲ್ಲ ಎಂಬ ಅಳುಕು ಉಳಿಯಿತು. ದಾಖಲೆ ನೋಡಿಯೇ ತೀರುತ್ತೇನೆಂದು ಮರುದಿನವೇ ತುಮಕೂರಿನಿಂದ ನಮ್ಮೂರಿನ ಬಸ್ಸು ಹತ್ತಿದೆ.

ಮೊದಲು ಹೋದದ್ದು ನಾಡಕಚೇರಿಗೆ. ವಂಶವೃಕ್ಷ ಬೇಕಾಗಿತ್ತು ಎಂದೆ. ಒಳಗಿದ್ದವರು ಮುಖವನ್ನು ಸ್ವಲ್ಪ ಸಪ್ಪೆ ಮಾಡಿಕೊಂಡು, “ಯಾರು ತೀರಿಕೊಂಡರು ಸಾರ್?” ಎಂದು ವಿಚಾರಿಸಿದರು. ಮುತ್ತಜ್ಜ ಎಂದೆ. “ಯಾವಾಗ?” ಎಂದರು. ಅದನ್ನು ತಿಳಿಯುವುದಕ್ಕೇ ಬಂದಿದ್ದೇನೆ ಎಂದಾಗ ಅವರ ಮುಖದಲ್ಲಿದ್ದ ಸಂತಾಪವೆಲ್ಲ ಇಳಿದುಹೋಯಿತು. ವಂಶವೃಕ್ಷವೆಂದರೆ ನಾನು ಅವರಿಂದ ಪಡೆಯುವ ಮಾಹಿತಿಯಲ್ಲ, ನಾನೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟು ಅವರಿಂದ ದೃಢೀಕರಿಸಿಕೊಳ್ಳಬೇಕಾದ ಮಾಹಿತಿ ಎಂಬುದು ಆಗ ತಿಳಿಯಿತು. ಗೊತ್ತಿದ್ದವರಿಗೆ ಮಾತ್ರ ಸಿಗುವ ಉತ್ತರವದು. ಹಳೆಯದು ಬೇಕಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ, ಆದರೆ ಸರ್ವೆ ನಂಬರ್ ಇಲ್ಲದೆ ಹೋಗಬೇಡಿ ಎಂದರು. ನಾನು ಹುಡುಕುತ್ತಿರುವುದು ಮನುಷ್ಯನನ್ನು, ಹೊಲವನ್ನಲ್ಲ ಎಂದು ವಿವರಿಸಲು ನೋಡಿದೆ. ನನ್ನ ಹಿಂದೆ ಸಾಲಿನಲ್ಲಿದ್ದವರು ಕೆಮ್ಮತೊಡಗಿದರು.

ಸರ್ವೆ ನಂಬರ್ ಇದ್ದದ್ದು ಊರಿನಲ್ಲಿ ಜಮೀನು ನೋಡಿಕೊಂಡಿರುವ ದೊಡ್ಡಪ್ಪನ ಮಗನ ಹತ್ತಿರ. ಫೋನಿನಲ್ಲಿ ಕೇಳಿದಾಗ ಆ ಕಡೆಯಿಂದ ಕೆಲಕಾಲ ಪಂಪ್‌ಸೆಟ್ಟಿನ ಸದ್ದು ಮಾತ್ರ ಕೇಳಿಸಿತು. ಅನಂತರ “ಆಯ್ತಣ್ಣ” ಎಂದ. ಮೂರು ವರ್ಷದಿಂದ ನಮ್ಮ ಮನೆಯ ಹೊಸ್ತಿಲು ತುಳಿಯದಿದ್ದವನು ಆ ಭಾನುವಾರವೇ ಒಂದು ಚೀಲ ತೆಂಗಿನಕಾಯಿ ಹೊತ್ತುಕೊಂಡು ಬಂದ. ನಾನು ಕಾಫಿ ಕುಡಿಯುವವರೆಗೆ ತಾಳ್ಮೆಯಿಂದಿದ್ದು, ಚೀಲದ ಅಡಿಯಿಂದ ಪಾಲುಪಾರಿಕತ್ತಿನ ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟ. “ಅಣ್ಣ, ಇದರಲ್ಲಿ ನಮ್ಮ ಚಿಕ್ಕಪ್ಪ, ಅಂದರೆ ನಿಮ್ಮ ತಂದೆಯವರೇ ರುಜು ಹಾಕಿದ್ದಾರೆ” ಎಂದ. ನನಗೆ ಬೇಕಾದದ್ದು ಮುತ್ತಜ್ಜನ ಹೆಸರೊಂದೇ ಎಂದು ಪ್ರಮಾಣ ಮಾಡಿದೆ. “ಬರೀ ಹೆಸರಿಗೋಸ್ಕರ ಯಾರಾದರೂ ತಾಲ್ಲೂಕಾಫೀಸಿಗೆ ಹೋಗುತ್ತಾರೇನಣ್ಣ?” ಎಂದು ಅವನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಆ ಪ್ರಶ್ನೆಯನ್ನು ನನ್ನಾಕೆ ಆಗಲೇ ಎರಡು ಸಲ ಕೇಳಿದ್ದಳು. ಕೊನೆಗೆ ಸರ್ವೆ ನಂಬರ್ ಕೊಟ್ಟ. ವಾರ ಕಳೆಯುವುದರೊಳಗೆ, ಮೇಷ್ಟ್ರು ಪಿಂಚಣಿ ಸಾಲದೆ ಪಾಲು ಕೇಳುತ್ತಿದ್ದಾರೆ ಎಂಬ ಸುದ್ದಿ ಊರೆಲ್ಲ ಹರಡಿತ್ತು. ತೆಂಗಿನಕಾಯಿ ಮಾತ್ರ ಚೆನ್ನಾಗಿದ್ದವು.

ರೆಕಾರ್ಡ್ ರೂಮಿನ ಅಟೆಂಡರ್ ನನ್ನ ಹಳೆಯ ಶಿಷ್ಯನಾಗಿದ್ದುದರಿಂದ ಕುಳಿತುಕೊಳ್ಳಲು ಒಂದು ಸ್ಟೂಲು ಸಿಕ್ಕಿತು. ಕಂಪ್ಯೂಟರಿನಲ್ಲಿ ಬರುವ ಪಹಣಿ ಈಚಿನದು. ಅದರ ಹಿಂದಿನದು ಕೈಬರಹದ ಪಹಣಿ. ಅದಕ್ಕೂ ಹಿಂದಿನದು ಬೇಕೆಂದರೆ ಜನ ಒಂದೇ ಉಸಿರಿನಲ್ಲಿ ‘ಐಎಲ್ಲಾರಾರ್’ ಎನ್ನುವ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಎಂಬ ಪುಸ್ತಕಗಳು. ಅವುಗಳ ಜೊತೆಗೆ ಅಳತೆಯ ಟಿಪ್ಪಣಿಯನ್ನೂ ನೋಡುವ ಭಾಗ್ಯ ನನ್ನದಾಯಿತು. 33 ಅಡಿಯ ಸರಪಳಿ, ಸರಪಳಿಗೆ 16 ಆಣೆ, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ: ಹೊಲದ ಪ್ರತಿಯೊಂದು ಮೂಲೆಯನ್ನೂ ಆಣೆಯ ಲೆಕ್ಕದಲ್ಲಿ ಅಳೆದಿಟ್ಟಿದ್ದ ಆ ಮಹಾನುಭಾವರು, ಅದನ್ನು ಉತ್ತವನ ಬಗ್ಗೆ ಬರೆದದ್ದು ಒಂದೂವರೆ ಸಾಲು. ತುರುಗಾಳಗದಲ್ಲಿ ಸತ್ತವನಿಗಾದರೂ ವೀರಗಲ್ಲು ನಿಲ್ಲಿಸಿದರು, ಅದರ ಬರಹವನ್ನು ರೈಸ್ ಸಾಹೇಬರು 1904ರಲ್ಲಿ ನಮ್ಮ ಜಿಲ್ಲೆಯ ಶಾಸನ ಸಂಪುಟಕ್ಕೂ ಸೇರಿಸಿದರು. ದನ ಕಳೆದುಕೊಳ್ಳದೆ, ಹೊಡೆದಾಡದೆ, ವರ್ಷವರ್ಷವೂ ಕಂದಾಯ ಕಟ್ಟಿದವನಿಗೆ ಈ ಒಂದೂವರೆ ಸಾಲೇ ಗತಿ.

ಆದರೂ ಆ ಸಾಲಿನಲ್ಲಿ ನಿಧಿ ಸಿಕ್ಕಿತು. ‘ತಿಮ್ಮಯ್ಯ ಬಿನ್ ನರಸಿಂಹಯ್ಯ’, ಅಂದರೆ ನರಸಿಂಹಯ್ಯನ ಮಗ ತಿಮ್ಮಯ್ಯ, ಎಂದಿತ್ತು; ತಿಮ್ಮಯ್ಯ ನನ್ನ ಅಜ್ಜ. ನರಸಿಂಹಯ್ಯನ ಹೆಸರಿನ ಪಕ್ಕದಲ್ಲಿ, ಶಾನುಭೋಗರ ಓಡುವ ಬರಹದಲ್ಲಿ ಇನ್ನೊಂದು ಹೆಸರಿತ್ತು: ಪಾರ್ವತಿ. ಮುತ್ತಜ್ಜಿ! ಯಾರೂ ಕೇಳದಿದ್ದ ಹೆಣ್ಣುಮಗಳೊಬ್ಬಳು ಕಂದಾಯ ದಾಖಲೆಯಲ್ಲಿ ಗಂಡನ ಪಕ್ಕ ನಿಂತಿದ್ದಾಳೆಂದು ಕಣ್ಣು ತುಂಬಿ ಬಂತು. ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಕುಟುಂಬದ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದೆ. ತುಮಕೂರಿನ ಸೋದರತ್ತೆ, ಸೀಬಿ ನರಸಿಂಹನ ಒಕ್ಕಲಿನಲ್ಲಿ ಪಾರ್ವತಿ ಎಂಬ ಸೊಸೆ ಬಂದಿರಲು ಸಾಧ್ಯವೇ ಇಲ್ಲವೆಂದು ವಾದಿಸಿದರು. ಗುಬ್ಬಿಯ ಅತ್ತೆ, ಪಾರ್ವತಜ್ಜಿಯ ಬುಗುಡಿ ತಮ್ಮ ತಾಯಿಗೆ ಬಂದಿತ್ತೆಂದು ನೆನಪಿಸಿಕೊಂಡರು. ಮುಂದಿನ ಹೆಣ್ಣುಮಗುವಿಗೆ ಆ ಹೆಸರಿಡಬೇಕೆಂದು ನಾನೇ ಸೂಚಿಸಿದೆ.

ಮುಂದಿನ ವಾರ ಮತ್ತೆ ಹೋಗಿ ಅಕ್ಕಪಕ್ಕದ ಸರ್ವೆ ನಂಬರುಗಳನ್ನು ತಿರುವಿದಾಗ ಎದೆ ನಡುಗಿತು. ಹನುಮಂತಯ್ಯನ ಪಕ್ಕದಲ್ಲೂ ಪಾರ್ವತಿ. ರಂಗಪ್ಪನ ಪಕ್ಕದಲ್ಲೂ ಪಾರ್ವತಿ. ಒಂದೇ ಹಾಳೆಯಲ್ಲಿ ಐವರ ಜೊತೆಯಲ್ಲಿ ನಮ್ಮ ಮುತ್ತಜ್ಜಿ! ದನಿ ತಗ್ಗಿಸಿ ಶಿಷ್ಯನನ್ನು ಕರೆದು ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, ನಗು ತಡೆದುಕೊಳ್ಳುವ ಪ್ರಯತ್ನದಲ್ಲಿ ಸೋತು, “ಮೇಷ್ಟ್ರೇ, ಅದು ಪಾರ್ವತಿ ಅಲ್ಲ, ಪೌತಿ” ಎಂದ. ಪೌತಿ ಎಂದರೆ ಮರಣ. ಖಾತೆದಾರ ಸತ್ತಿದ್ದಾನೆ, ಖಾತೆ ವಾರಸುದಾರನಿಗೆ ಹೋಗಿದೆ ಎಂಬ ಷರಾ ಅದು. ಪೌತಿ ಖಾತೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದರೂ ಬರಹದಲ್ಲಿ ಅದರ ಮುಖ ನೋಡಿರಲಿಲ್ಲ. ಒತ್ತಕ್ಷರ ತಪ್ಪಿದ್ದಕ್ಕೆ ನಾನು ಕಿವಿ ಹಿಂಡಿದ್ದ ಹುಡುಗನಿವನು. ಸದ್ಯ, ಅದನ್ನು ನೆನಪಿಸಲಿಲ್ಲ. ಗುಬ್ಬಿಯ ಅತ್ತೆಯ ಬುಗುಡಿಯ ವಿಷಯ ಇಂದಿಗೂ ಇತ್ಯರ್ಥವಾಗಿಲ್ಲ.

ಪೌತಿಯನ್ನು ಪಾರ್ವತಿ ಎಂದು ಓದಿದ ಕಣ್ಣು ನರಸಿಂಹಯ್ಯನ ಹೆಸರನ್ನಾದರೂ ಸರಿಯಾಗಿ ಓದಿದೆಯೆಂದು ನಂಬುವುದು ಹೇಗೆ? ಅದನ್ನು ಖಚಿತಪಡಿಸಿಕೊಳ್ಳಲು ಉಳಿದಿದ್ದ ಒಂದೇ ಪುರಾವೆಯೆಂದರೆ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ಸಾಲದ ಪತ್ರ. ‘ತಿಮ್ಮಯ್ಯನು ಪಾರ್ಥಿವ ಸಂವತ್ಸರದ ಮಾಘ ಬಹುಳದಲ್ಲಿ ಬರೆಸಿಕೊಟ್ಟದ್ದು, ಸಾಕ್ಷಿ ಇವನ ಮಗ ನರಸಿಂಹಯ್ಯ’ ಎಂಬಷ್ಟು ಓದಲು ಬರುತ್ತಿತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಪಾರ್ಥಿವವೆಂದರೆ 1885-86 ಇರಬೇಕು, ಇಲ್ಲವೇ 1945-46. ನನ್ನ ಅಜ್ಜ ತಿಮ್ಮಯ್ಯ ಹುಟ್ಟಿದ್ದು ಮೊದಲನೆಯದರ ನಂತರ, ಕಾಲವಾದದ್ದು ಎರಡನೆಯದರ ಮೊದಲು. ಒಂದು ಲೆಕ್ಕದಲ್ಲಿ ಅವರು ಹುಟ್ಟುವ ಮೊದಲೇ ಸಾಲ ಮಾಡಿದ್ದರು, ಇನ್ನೊಂದರಲ್ಲಿ ಸತ್ತ ಮೇಲೆ. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಹೊಳೆಯಿತು: ಸಾಲಗಾರ ನನ್ನ ಅಜ್ಜನಲ್ಲ, ಅಜ್ಜನ ಅಜ್ಜ. ಸಾಕ್ಷಿ ಹಾಕಿದ ನರಸಿಂಹಯ್ಯನೇ ನನ್ನ ಮುತ್ತಜ್ಜ.

ಈ ವರ್ಷದ ಮಹಾಲಯಕ್ಕೆ ತಮ್ಮನನ್ನೂ ಕರೆದಿದ್ದೆ. ಪುರೋಹಿತರು ಮೂರನೆಯ ಹೆಸರು ಕೇಳಿದಾಗ ಎದೆಯುಬ್ಬಿಸಿ “ನರಸಿಂಹಯ್ಯ” ಎಂದೆ. “ಹೋದ ವರ್ಷವೂ ಅದನ್ನೇ ಹೇಳಿದಿರಲ್ಲ” ಎಂದು ಅವರು ಮುಂದಿನ ಮಂತ್ರಕ್ಕೆ ಹೋದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಆರಂಭವಾಯಿತು. ಊಟವಾದ ಮೇಲೆ ತಮ್ಮ ಎಲೆಯಡಿಕೆ ಮಡಿಸುತ್ತ ಹತ್ತಿರ ಸರಿದು, “ಅಣ್ಣ, ಆ ಸಾಲದ ಪತ್ರದಲ್ಲಿ ಯಾವುದಾದರೂ ಜಮೀನು ಅಡವಿಟ್ಟಿದ್ದು ಬರೆದಿದೆಯಾ?” ಎಂದು ಮೆಲ್ಲಗೆ ಕೇಳಿದ.